ಹುಳುಮನೆಯ ಗಂಟೆ ಸುಮ್ಮನೆ ಯಾಕೆ ಬಡಿಯುತ್ತದೆ

ನಯನಾ,

ಕನಕಪುರದ ಬಸ್ಸಿಗೆ ಹೊರಟೆ. ಉಪ್ಸಾರು ಬಿಸಿ ಮಾಡಿಕೊಂಡು ಮೊದಲು ಊಟ ಮಾಡು.

ನಿನ್ನ ಲ್ಯಾಪ್‌ಟಾಪ್ ತೆರೆದು ನೋಡಿದೆ, ರೇಷ್ಮೆ ಹುಳುಮನೆಯ ಗಂಟೆಗೆ ನೀನು ಬರೆದ ಕೋಡ್ ಮುಟ್ಟಿಲ್ಲ. "ಅಕ್ಕಾ, ಪ್ರೋಗ್ರಾಂ ಕೆಟ್ಟೋಗೈತೆ, ಒಸಿ ಸರಿ ಮಾಡ್ಕೊಡು" ಅಂದರೆ ನಾನೇನು ಮಾಡಲಿ? ಮೊನ್ನೆ ಕರು ಮೇವು ಬಿಟ್ಟಾಗ ಡಾಕ್ಟರಿಗೆ "ಕರು ಕೆಟ್ಟೋಗೈತೆ" ಅಂದೆಯಾ? ಏನು ತಿಂದಿತ್ತು, ಯಾವಾಗಿನಿಂದ ಮೆಲುಕು ಹಾಕುತ್ತಿಲ್ಲ, ಹೊಟ್ಟೆ ಯಾವ ಕಡೆ ಉಬ್ಬಿದೆ, ಎಲ್ಲವನ್ನೂ ಚೆನ್ನಾಗಿ ಹೇಳಿದೆ. ಇದನ್ನೂ ಹಾಗೇ ಬರೆದುಕೊ: ಹುಳುಮನೆ ಕಾದಾಗ ಮಾತ್ರ ಗಂಟೆ ಬಡಿಯಬೇಕಿತ್ತು, ತಣ್ಣನೆಯ ಬೆಳಗಿನಲ್ಲೂ ಬಡಿಯುತ್ತಿದೆ.

ಆಮೇಲೆ ಸೆನ್ಸರ್ ಕೊಡುವ ಸಂಖ್ಯೆಯನ್ನು ಪರದೆಯ ಮೇಲೆ ತರಿಸಿ ನೋಡು. ಎಂಬತ್ತರ ಹತ್ತಿರ ಬಂದರೆ ಗಾಬರಿಯಾಗಬೇಡ. ಅಷ್ಟು ಬಿಸಿಯಿದ್ದಿದ್ದರೆ ರೇಷ್ಮೆಹುಳುಗಳು ತಟ್ಟೆಯಲ್ಲೇ ಬೆಂದುಹೋಗಿರುತ್ತಿದ್ದವು. ಹಾಗಾದರೆ ಅದು ಯಾವುದರ ಸಂಖ್ಯೆ? ಗಾಳಿಯಲ್ಲಿ ಏನಿರಲಿ ಅಂತ ಅವ್ವ ಹುಳುಮನೆಯಲ್ಲಿ ಒದ್ದೆ ಗೋಣಿತಾಟು ಕಟ್ಟಿದ್ದಾಳೆ, ಆ ಸೆನ್ಸರ್ ಬಿಸಿಯ ಜೊತೆಗೆ ಇನ್ನೇನನ್ನು ಅಳೆಯುತ್ತದೆ, ಯೋಚಿಸು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬದಲಿಸಿದರೆ ಒಂದು ಸಲಕ್ಕೆ ಒಂದೇ ಸಾಲು ಬದಲಿಸು, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ನಿನಗೇ ತಿಳಿಯುವುದಿಲ್ಲ.

ಅವ್ವ ಬೆಳಿಗ್ಗೆಯೇ "ಆ ಬಡ್ಕೊಳೋದ್ನ ಕಿತ್ತು ತಿಪ್ಪೆಗೆ ಎಸೀರಿ" ಅಂದಳು. ಸಂಜೆಯವರೆಗೆ ಬಿಡು ಅಂತ ಒಪ್ಪಿಸಿದ್ದೇನೆ. ವೈರ್ ಕಿತ್ತು ಸುಮ್ಮನಾಗಿಸಿದರೆ ನನಗೆ ಗೊತ್ತಾಗುತ್ತದೆ, ಹುಷಾರು.

ತಪ್ಪು ನಿನಗೇ ಸಿಗುತ್ತದೆ. ಸಿಕ್ಕ ಮೇಲೆ ಬಿಸಿನೀರಿನ ಚೊಂಬನ್ನು ಸೆನ್ಸರ್ ಹತ್ತಿರ ಹಿಡಿದು ಪರೀಕ್ಷಿಸು. ಆಗ ಬಡಿಯಬೇಕು, ದೂರ ಸರಿಸಿದರೆ ನಿಲ್ಲಬೇಕು.

ಚೊಂಬು ಅವ್ವನ ಕೈಯಲ್ಲಿರಲಿ, ಅವಳೇ ನೋಡಲಿ.

ಅಕ್ಕ