ಅಜ್ಜಿ ಒಡಪು ಹಾಕಿದ್ದು

ಅಕ್ಟೋಬರ್ 8

ಇವತ್ತೂ ಓದಲಿಲ್ಲ. ರಜೆ ಮುಗಿದ ಕೂಡಲೇ ಇಂಟರ್ನಲ್ಸ್ ಪರೀಕ್ಷೆ. ಲಾ ಫಸ್ಟ್ ಇಯರ್, 'ಫ್ರೀ ಕನ್ಸೆಂಟ್' ಚಾಪ್ಟರ್, ಅಂದರೆ ಒತ್ತಾಯವಿಲ್ಲದ ಒಪ್ಪಿಗೆ. ತಲೆಗೇ ಹೋಗ್ತಿಲ್ಲ. ಕೆಳಗೆ ಮಗ್ಗದ ಸದ್ದು ಬೇರೆ, ತಡೆತಡೆದು ಬರುತ್ತಿತ್ತು. ಇಳಿದು ನೋಡಿದೆ. ಅಜ್ಜಿ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು, ಬಲಗಾಲೊಂದರಿಂದಲೇ ತುಳಿಯುತ್ತಿದ್ದಾಳೆ. ಎಡಗಾಲಿನ ಹೆಬ್ಬೆರಳು ಕಪ್ಪಾಗಿದೆ. ವಾಸನೆ. ಶುಗರ್ ಇರುವವಳು!

"ಏನಾಗಿಲ್ಲ. ತುಳಿದು ತುಳಿದು ಜಡ್ಡುಗಟ್ಟೇತಿ."

ಅಜ್ಜ ಹೊರಗಿನಿಂದ: "ನೀನರ ಹೇಳವಾ, ಸಾಲಿ ಕಲತಾಕಿ. ನನ್ನ ಮಾತ ಎಂದ ಕೇಳ್ಯಾಳ?"

ಕಾಲು ಹೋದರೆ... ಬೇಡ, ಬರೆಯಲ್ಲ.

ಅಕ್ಟೋಬರ್ 9, ಮಧ್ಯಾಹ್ನ

ಗದಗಿನ ಬಸ್ಸಿನಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿನ ನರ್ಸ್ ಕೌಸರ ಸಿಸ್ಟರ್ ಟ್ಯಾಬ್ ಹಚ್ಚಿದರು. ಹುಬ್ಬಳ್ಳಿಯಿಂದ ಡಾಕ್ಟರ್ ಸುವರ್ಣಾ, ವಿಡಿಯೋದಲ್ಲಿ. ಮೊದಲು ತಮ್ಮ ಹೆಸರು, ರಿಜಿಸ್ಟ್ರೇಷನ್ ನಂಬರ್ ಹೇಳಿದರು. ಆಮೇಲೆ ನಮ್ಮ ಸರದಿ.

"ಕಳಕವ್ವ. ಪೆನ್ಸಿಲಿನ್ ತಗೊಂಡಾಗ ಮೈ ಬಾತಿತ್ತು, ಹೌದಲ್ರಿ?" ಡಾಕ್ಟರ್ ಅಜ್ಜಿಯ ದಾಖಲೆ ಓದುತ್ತ ಕೇಳಿದರು.

ಟೆನ್ಷನ್ನಿನಲ್ಲಿ ನಾನೇ "ಯೆಸ್ ಮ್ಯಾಮ್" ಅಂದುಬಿಟ್ಟೆ.

"ನನಗೆಂದ ಬಾತಿತ್ತ?" ಅಜ್ಜಿ ತಿರುಗಿದಳು. "ಬಾತಿದ್ದು ನಮ್ಮ ಎಮ್ಮಿಗೆ!"

ಆಗ ಗೊತ್ತಾಯಿತು. ಕಂಪ್ಯೂಟರಿನಲ್ಲಿ ನಮ್ಮ ಓಣಿಯ ಕಳಕವ್ವರು ಇಬ್ಬರು. ಅಡ್ಡಹೆಸರು ಒಂದೇ, ವಯಸ್ಸೂ ಹೆಚ್ಚೂಕಡಿಮೆ ಒಂದೇ. ಗಂಡನ ಹೆಸರಷ್ಟೇ ಬೇರೆ.

"ನಿಮ್ಮ ಯಜಮಾನರ ಹೆಸರೇನ್ರಿ ಅವ್ವಾರ?"

ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಎತ್ತಿದವಳೇ ಅಲ್ಲ.

"ಮ್ಯಾಮ್, ಈಶ—"

"ನೀವು ಬ್ಯಾಡ್ರಿ. ಈಗಷ್ಟ ಯೆಸ್ ಅಂದ್ರಲ್ಲ! ಪೇಷಂಟ್ ತಾವ ಹೇಳಬೇಕು. ಗುರುತು ಖಾತ್ರಿ ಆಗದ ನಾ ಒಂದ ಗುಳಿಗಿನೂ ಬರಿಯೂಹಂಗಿಲ್ಲ. ಒಪ್ಪಿಗಿನೂ ಅವರ ಬಾಯಿಂದನ."

ನನ್ನ ತಲೆಗೆ ಹತ್ತದ ಚಾಪ್ಟರ್ ಟ್ಯಾಬಿನಲ್ಲಿ ಕೂತು ಮಾತಾಡುತ್ತಿತ್ತು! ಎದುರಿಗೆ ಅಜ್ಜಿ ಮಾತ್ರ ತುಟಿ ಬಿಚ್ಚಳು. ಬೆರಳು ಕಪ್ಪಾಗುತ್ತಲೇ ಇದೆ.

ಡಾಕ್ಟರ್ ನಕ್ಕರು. "ನಾನೂ ಈ ಕಡೆಯಾಕಿನರಿ ಅವ್ವಾರ, ನರಗುಂದದಾಕಿ. ಒಡಪು ಹಾಕಿ ಹೇಳ್ರಲ್ಲ!"

ಒಡಪು ಅಂದರೇನೆಂದು ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಕೌಸರ ಸಿಸ್ಟರ್ ಕಿವಿಯಲ್ಲಿ ಹೇಳಬೇಕಾಯಿತು: ಗಂಡನ ಹೆಸರನ್ನು ಹಾಡಿನ ಸಾಲಿನಲ್ಲಿ ಸೇರಿಸಿ ಹೇಳೋದು, ಮದುವೆಯಲ್ಲಿ ಹೇಳಿಸ್ತಾರಲ್ಲ, ಅದು.

ಅಜ್ಜಿ ನೆಟ್ಟಗೆ ಕೂತಳು.

"ಕುಣಿಯಾಗ ಕಾಲಿಟ್ಟು ಲಾಳಿ ಹೊಡಿತೀನಿ,
ಈಶಪ್ಪನವರ ಹೆಸರಿಲೆ ಸೆರಗು ನೇಯ್ತೀನಿ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜ ಸುಮ್ಮಸುಮ್ಮನೆ ಕೆಮ್ಮಿದ. ಟವೆಲ್ ಮುಖಕ್ಕೆ ಹೋಯಿತು.

"ಖರೇ ಕಳಕವ್ವ ಸಿಕ್ಕರು! ವಿಡಿಯೋದಾಗ ನೋಡಿ ತಪಾಸ ಮಾಡಾಕ ಒಪ್ಪಿಗಿ ಐತೇನ್ರಿ?"

"ಗಂಡನ ಹೆಸರ ಹೇಳಿಸಿದಿ. ಇನ್ನೇನ ಉಳೀತವಾ? ಐತಿ, ನೋಡು."

ಕಾಲನ್ನು ಕ್ಯಾಮೆರಾಗೆ ಹಿಡಿದೆ. ಡಾಕ್ಟರರ ನಗು ನಿಂತಿತು.

"ಇದು ವಿಡಿಯೋದಾಗ ಮುಗಿಯೂದಲ್ರಿ. ಮುಟ್ಟಿ ನೋಡಬೇಕು. ಸಂಜಿತನಕಾ ಕಾಯಬ್ಯಾಡ್ರಿ, ಈಗ ಗದಗಿಗೆ ಹೊಂಡ್ರಿ. ಅಲ್ಲಿ ಡಾಕ್ಟರಿಗೆ ನಾನ ಹೇಳಿರ್ತೀನಿ."

ಅಷ್ಟು ಓದಿದವರು, 'ಇದು ಇಲ್ಲಿಂದ ನನಗಾಗದು' ಅಂದುಬಿಟ್ಟರು. ಅದೂ ನಿಯಮವಂತೆ, ಕೌಸರ ಸಿಸ್ಟರ್ ಹೇಳಿದರು. ಕಾನೂನು ಅಂದರೆ ಬರೀ ಸೆಕ್ಷನ್ ನಂಬರ್ ಅಂದುಕೊಂಡಿದ್ದೆ...

ಅಕ್ಟೋಬರ್ 10

ಗದಗ. ಆಪರೇಷನ್ ಥಿಯೇಟರ್ ಬಾಗಿಲು ಮುಚ್ಚಿದೆ. ಅಜ್ಜ ಉಂಡಿಲ್ಲ. ಅಜ್ಜಿಯ ಚಪ್ಪಲಿ ಹಿಡಿದುಕೊಂಡು ಕೂತಿದ್ದಾನೆ — ಎರಡೂ.

ಅಕ್ಟೋಬರ್ 27

ಇಂಟರ್ನಲ್ಸ್ ಮುಗಿಸಿ ನಿನ್ನೆ ಬಂದೆ. ಬೆರಳು ಹೋಯಿತು. ಕಾಲು ಉಳಿಯಿತು. ಉಳಿಯಿತು!

ಇವತ್ತು ಫಾಲೋಅಪ್, ಅದೇ ಟ್ಯಾಬ್, ಅದೇ ಡಾಕ್ಟರ್. ಅಜ್ಜ ಈ ಸಲ ಒಳಗೇ ಕೂತ, ಹೊಸ ರುಮಾಲು ಸುತ್ತಿಕೊಂಡು.

"ನಿಮ್ಮ ಗುರುತು ಈಗ ನನಗ ಪಕ್ಕಾ ಐತ್ರಿ, ಹೆಸರು ಬ್ಯಾಡ," ಅಂದರು ಡಾಕ್ಟರ್.

"ಕಾಯ್ದೆ ಅಂದ್ರ ಕಾಯ್ದೆ ಅಲ್ಲೇನವಾ?" ಅಜ್ಜಿ ಆಗಲೇ ಸೆರಗು ಸರಿಮಾಡಿಕೊಂಡಿದ್ದಳು. "ಹೊಸಾದು ಕಟ್ಟೇನಿ, ಕೇಳು. ಗಾಜಿನಾಗ ಡಾಕ್ಟರವ್ವ ಕಾಲ ಉಳಿಸ್ಯಾಳ, ಈಶಪ್ಪನವರು—"

ಮುಂದಿನದು ಕೇಳಿಸಲೇ ಇಲ್ಲ. ಅಜ್ಜ ಎದ್ದು ಟ್ಯಾಬಿನ ಮೇಲೆ ಬಗ್ಗಿ, ಓಣಿಗೆಲ್ಲ ಕೇಳುವ ಹಾಗೆ: "ನಾನರಿ! ಈಶಪ್ಪ ಅಂದ್ರ ನಾನ!"