ನೀರು ಬಿಡುವವರ ಚೀಟಿ

ಮನೆಯಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ತಂಗಿ ಫೋನಿನಲ್ಲಿ ಪೂರ್ತಿ ವಾಸಿಯಾಗಿದೆ ಅಂದಳು. ನನಗೆ ನಂಬಿಕೆಯಿಲ್ಲ. ನೀನು ಎದುರಿಗೆ ಕೂತಿದ್ದರೆ ಅವಳು ಏನು ಬೇಕಾದರೂ ಹೇಳಿಯಾಳು.

ಇಲ್ಲಿಯ ಸುದ್ದಿ ಕೇಳಿದರೆ ನಗುತ್ತೀಯ. ನಗರಸಭೆಯ ಬಾಗಿಲಲ್ಲಿ ಇಪ್ಪತ್ತು ವರ್ಷ ಘೋಷಣೆ ಕೂಗಿದ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟಿದ್ದಾರೆ. ಖರ್ಚು ಇಳಿಸುವ ದೊಡ್ಡ ಯೋಜನೆಯಂತೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸಲು ಒಂದು ಸಮಿತಿ, ಅದರಲ್ಲಿ ಕಾರ್ಮಿಕರ ಪರವಾಗಿ ನಾನು. ಒಂದೊಂದು ಕೆಲಸವನ್ನೂ ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಚೀಟಿ ಮೇಲಿದ್ದಷ್ಟೂ ಬೇಗ ಬದಲಾವಣೆ. ಬದಲಾವಣೆ ಎಂದರೆ ಕತ್ತರಿ; ಈ ಜನ ಕತ್ತರಿಗೂ ಒಳ್ಳೆಯ ಹೆಸರಿಡುತ್ತಾರೆ. ಎಲ್ಲಕ್ಕಿಂತ ಮೇಲಿರುವುದು ನಿನ್ನ ಹಳೆಯ ಕೆಲಸ: ನೀರು ಬಿಡುವ ಎಂಟು ಮಂದಿಯನ್ನು ಮನೆಗೆ ಕಳಿಸಿ, ವಾಲ್ವು ತಿರುಗಿಸಲು ಯಂತ್ರ ಕೂರಿಸುವುದು.

ಅಷ್ಟಕ್ಕೂ ಆ ಎಂಟು ಜನ ಇಡೀ ದಿನ ಏನು ಮಾಡುತ್ತಾರೆ? ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿನ್ನ ಮಗಳಾಗಿ ನನಗೂ ಗೊತ್ತಿರಲಿಲ್ಲ, ನಾಚಿಕೆಗೇಡು. ತಲೆಯೊಳಗೆ ಅದೇ ಕೊರೆಯತೊಡಗಿ, ನಿನ್ನೆ ಬೆಳಕು ಹರಿಯುವಾಗ ನಿನ್ನ ಶಿಷ್ಯ ಕುಳ್ಳನ ಹಿಂದೆ ಸೈಕಲ್ ತುಳಿದೆ. ವಾಲ್ವು ತಿರುಗಿಸಿದವನು ಸುಮ್ಮನೆ ಹೊರಡಲಿಲ್ಲ. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. ನನಗೂ ಕೊಟ್ಟ. ನೆಲದೊಳಗೆ ಯಾರೋ ಹಲ್ಲುಸಂದಿಯಲ್ಲಿ ಉಸಿರೆಳೆದಂತೆ ಸದ್ದು! ಎಲ್ಲೋ ಪೈಪು ಸೋರುತ್ತಿತ್ತು. ಎಷ್ಟು ದೂರದಲ್ಲಿ ಎಂದೆ.

"ಅದು ನಿಮ್ಮಪ್ಪನಿಗೆ ಮಾತ್ರ ತಿಳೀತಿತ್ತು ಅಕ್ಕ. ಕೇಳಿದ್ರೆ, ಎಲ್ಲಾ ಹೇಳ್ಕೊಟ್ಟುಬಿಟ್ರೆ ನಾಳೆ ನನ್ನನ್ನ ಯಾರು ಕರೀತಾರೆ ಅಂತಿದ್ರು."

ಅಲ್ಲಿಂದ ನೇರ ಕಮಿಷನರ್ ಕೋಣೆಗೆ ನುಗ್ಗಿದೆ. ಸೋರಿಕೆ ನಿಂತರೆ ಪಂಪು ಓಡುವ ಹೊತ್ತು ಇಳಿಯುತ್ತದೆ. ನಿಮ್ಮ ಉಳಿತಾಯ ಇರುವುದು ಅಲ್ಲಿ, ಇವರ ಅನ್ನದ ತಟ್ಟೆಯಲ್ಲಲ್ಲ. ಆ ಚೀಟಿ ಕಿತ್ತು ಸೋರಿಕೆ ಹುಡುಕುವ ಕೆಲಸವನ್ನು ಮೇಲೆ ಹಾಕಿ, ಅದನ್ನು ಈ ಎಂಟು ಜನಕ್ಕೇ ಕೊಡಿ ಎಂದೆ. ಆಯಮ್ಮ ಒಂದು ವಾರದ ಗಡುವು ಕೊಟ್ಟರು. ಒಂದು ಬೀದಿ ಅಗೆದು ತೋರಿಸಬೇಕು. ತಪ್ಪು ಜಾಗ ಅಗೆದರೆ ಯಂತ್ರವೇ ಗತಿ.

ತಂಗಿಗೂ ಅವಳ ಮಕ್ಕಳಿಗೂ ನನ್ನ ನೆನಪು ಹೇಳು. ಬೀಡಿ ಮುಟ್ಟಬೇಡ.

ನಿನ್ನ ಜಗಳಗಂಟಿ

ಬರೆಯಲೋ ಬೇಡವೋ ಎಂದುಕೊಂಡಿದ್ದೆ, ಬರೆದುಬಿಡುತ್ತೇನೆ: ಆ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದ್ದು ಅಧಿಕಾರಿಗಳಲ್ಲ, ನಾನೇ. ವಾಲ್ವಿನ ಗುಂಡಿಗೆ ಇಳಿಯುವ ಕೆಲಸ ಇನ್ನು ಯಾರಿಗೂ ಬೇಡ ಅಂದುಕೊಂಡೆ. ಇಳಿಯುವವರನ್ನು ಒಂದು ಮಾತು ಕೇಳಲಿಲ್ಲ. ಇವತ್ತು ಎಂಟೂ ಜನರ ಮುಂದೆ ನಿಂತು ಒಪ್ಪಿಕೊಂಡೆ, ಬೈಸಿಕೊಂಡೆ. ಶನಿವಾರ ಬೆಳಗಿನ ಬಸ್ಸಿಗೆ ಬಾ. ಕುಳ್ಳ ಸೈಕಲ್ ಹಿಡಿದು ನಿಲ್ದಾಣದಲ್ಲಿ ನಿಂತಿರುತ್ತಾನೆ. ಕಲಿಸುವುದಿಲ್ಲ ಅನ್ನುವುದಿದ್ದರೆ ಅವನ ಮುಖ ನೋಡಿಯೇ ಅನ್ನು.