ಅಂಗೈಗೆ ಕೇಳುವ ಸದ್ದು

ಅಪ್ಪಾ,

ಇದು ಯಂತ್ರದ ಮಾತಲ್ಲ, ನನ್ನದು. ನಿನ್ನ ಮುಂದಿರುವ ಹಸಿರು ಪರದೆಗೆ ನಮ್ಮ ಅಕ್ಷರ ಬರುವುದಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆದಿದ್ದೇನೆ, ನಿಧಾನವಾಗಿ ಓದಿಕೋ. ಕಾಲೇಜಿನ ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದೇನೆ. ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಒಂದೊಂದೇ ಕೀಲಿ ದಾಟಿ ಸರಿಯುತ್ತಿದೆ. ನಿನಗೆ ಹೇಳಬೇಕಾದದ್ದು ಒಂದು ವಾರದಿಂದ ಹಾಗೇ ಉಳಿದಿದೆ.

ಚಿಕ್ಕವಳಿದ್ದಾಗ ನೀನು ನನ್ನನ್ನು ಟೆಲಿಫೋನ್ ಕಂಬದ ಪಕ್ಕ ನಿಲ್ಲಿಸಿ ಕಿವಿ ಇಡಿಸಿದ್ದೆಯಲ್ಲ, ನೆನಪಿದೆಯೇ? ಒಳಗೆ ಗುಂಯ್ ಎನ್ನುತ್ತಿತ್ತು. "ಊರೋರ ಮಾತೆಲ್ಲ ಇಲ್ಲೇ ಹೋಗ್ತಿದೆ ಚೋಟು, ಸದ್ದು ಮಾಡ್ಬೇಡ" ಅಂದಿದ್ದೆ ನೀನು. ಅದು ಗಾಳಿಗೆ ತಂತಿ ಮಿಡಿಯುವ ಸದ್ದು ಎಂದು ತಿಳಿಯುವ ಹೊತ್ತಿಗೆ ನಾನು ಕಾಲೇಜು ಸೇರಿದ್ದೆ. ಆದರೂ ನಂಬುವುದನ್ನು ಬಿಡಲಿಲ್ಲ. ಲೈನ್‌ಮನ್ ಆಗಿದ್ದ ನೀನು ರಿಸೀವರ್ ಕಿವಿಗಿಟ್ಟು "ಮೂರನೇ ಕಂಬದ ಜಾಯಿಂಟಿಗೆ ನೀರಿಳಿದಿದೆ" ಎಂದರೆ ಅಲ್ಲೇ ಇಳಿದಿರುತ್ತಿತ್ತು.

ಆ ಕಿವಿಗಳೇ ಕೈಕೊಟ್ಟವು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಎರಡು ವರ್ಷದಿಂದ ನಾನು ಫೋನ್ ಮಾಡಿದರೆ ಎತ್ತುವುದು ನಿನ್ನ ಅಕ್ಕ. "ಅವ್ನಾ? ಗಟ್ಟಿಯಾಗಿದಾನೆ. ಕಿವಿ ಇದ್ದಾಗ್ಲೇ ಯಾರ ಮಾತೂ ಕೇಳ್ದೋನಲ್ಲ, ಈಗ ಕೇಳ್ತಾನಾ" ಎಂದು ನಕ್ಕು ಅತ್ತೆ ಫೋನ್ ಇಡುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಬಹಳ ಹೊತ್ತು ರಿಸೀವರ್ ಹಿಡಿದೇ ಕೂತಿರುತ್ತೇನೆ. ನನಗೆ ನಿನ್ನ ಸುದ್ದಿಯಲ್ಲ, ನಿನ್ನ ಮಾತು ಬೇಕಿತ್ತು.

ಅದಕ್ಕೇ, ಫೋನ್ ತಂತಿಯಲ್ಲೇ ನಮ್ಮ ಕಾಗದ ಓಡಾಡಲಿ ಎಂದು, ಲ್ಯಾಬಿನವರು ಮೂಲೆಗೆಸೆದಿದ್ದ ಹಳೇ ಯುನಿಕ್ಸ್ ಕಂಪ್ಯೂಟರನ್ನು ಹೊತ್ತುಕೊಂಡು, ರಜೆ ಹಾಕಿ ನಿನ್ನ ಕೋಣೆಗೆ ಬಂದೆ. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಡಯಲ್ ಮಾಡಬೇಕು, ಆ ಕಡೆ ನಮ್ಮ ಲ್ಯಾಬಿನ ಯಂತ್ರ ಯಾರು ಎಂದು ಕೇಳಿದಾಗ ಹೆಸರು ಹೇಳಬೇಕು, ಗುಟ್ಟಿನ ಪದ ಕೇಳಿದಾಗ ಅದನ್ನೂ ಹೇಳಬೇಕು. ಎಲ್ಲವನ್ನೂ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿಟ್ಟೆ. "ಇದು ನಮ್ಮ ಎಕ್ಸ್‌ಚೇಂಜಿನ ಹಳೇ ಆಪರೇಟರಮ್ಮನ ಕೆಲ್ಸ" ಎಂದು ನೀನು ಇಣುಕಿ ನೋಡಿ ನಕ್ಕೆ. ಮೂರು ದಿನ ಪರದೆ ಕೊಟ್ಟದ್ದು ಒಂದೇ ಉತ್ತರ: ನೋ ಕ್ಯಾರಿಯರ್. ಆ ಕಡೆಯವರು ಕೈಗೆ ಸಿಗಲಿಲ್ಲ ಎಂದರ್ಥ.

ಮೋಡೆಮ್ಮಿನ ಸ್ಪೀಕರ್ ಮುಚ್ಚುವ ಆಜ್ಞೆಯನ್ನು ಮೊದಲ ಸಾಲಿನಲ್ಲಿ ನಾನೇ ಬರೆದಿದ್ದೆ. ಡಯಲ್ ಆಗುವಾಗಿನ ಅದರ ಕಿರುಚಾಟ ಅತ್ತೆಗೆ ಯಾಕೆ, ನಿನಗಂತೂ ಬೇಕಿಲ್ಲ ಎಂದುಕೊಂಡಿದ್ದೆ. ಮೂರನೇ ದಿನ ನೀನು ಮೋಡೆಮ್ ಮೇಲೆ ಅಂಗೈ ಇಟ್ಟೆ. ಎರಡು ಸಲ ಡಯಲ್ ಆಗುವವರೆಗೂ ತೆಗೆಯಲಿಲ್ಲ. "ಇದು ಉಸ್ರಾಡ್ತಿಲ್ಲ. ಬಾಯಿ ಬಿಡ್ಸು ಇದ್ರದ್ದು" ಅಂದೆ. ನನಗೆ ತಲೆ ಕೆಟ್ಟಿತ್ತು. "ಬಿಡ್ಸಿ ಏನ್ಮಾಡ್ಲಿ, ನಿಂಗೆ ಕೇಳ್ಸಲ್ವಲ್ಲ" ಎಂದು ನಿನ್ನ ಮುಖ ನೋಡಿಕೊಂಡೇ ಹೇಳಿಬಿಟ್ಟೆ. ನೀನು ತುಟಿ ನೋಡಿ ಮಾತು ತಿಳಿಯುತ್ತೀಯ ಎಂಬುದು ಆ ಗಳಿಗೆಗೆ ಮರೆತೇಹೋಗಿತ್ತು. ನೀನು ಮೆಲ್ಲಗೆ ಕೈ ತೆಗೆದು ಹೊರಗೆ ಹೋಗಿ ಕೂತೆ.

ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಅತ್ತೆ ಕಾಲು ನಿಲ್ಲಿಸಿದರು. "ದಿನಾ ಬಂದು ಈ ಮಿಷನ್ ಮೇಲೆ ಕೈ ಇಟ್ಕೊಂಡು ಕೂರ್ತಾನೆ. ಬೆಲ್ಟ್ ಸಡ್ಲ ಆಗಿದೆ, ಎಣ್ಣೆ ಒಣಗಿದೆ ಅಂತ ನಂಗಿಂತ ಮುಂಚೆ ಅವ್ನಿಗೇ ಗೊತ್ತಾಗುತ್ತೆ. ಓದ್ದೋಳು ನೀನು, ಅಷ್ಟೂ ಹೊಳೀಲಿಲ್ವಾ?" ಅಂದರು. ಭೂಮಿಗೆ ಇಳಿದುಹೋದೆ ನಾನು.

ಆ ಆಜ್ಞೆಯನ್ನು ಅಳಿಸಿ, ತೋಳು ಹಿಡಿದು ನಿನ್ನನ್ನು ಒಳಗೆ ಕರೆತಂದೆ. ನೀನು ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಡಯಲ್ ಆಗುತ್ತಿದ್ದಂತೆ ನಿದ್ದೆಯಲ್ಲಿ ಮಾತಾಡುವವನ ಹಾಗೆ ಹೇಳುತ್ತಾ ಹೋದೆ. "ಹಾಂ, ಎತ್ತಿದ... ಕೂಗ್ತಿದಾನೆ... ನಮ್ದೂ ಕೂಗ್ತು... ನಡುಕ ಬಂತು... ಕಿತ್ತೋಯ್ತು. ಜಾಯಿಂಟಲ್ಲಿ ಹಸಿ ಇದೆ ಚೋಟು." ನೀನು ಸ್ಟೂಲು ಹತ್ತಿ ಕಿಟಕಿಯ ಮೇಲಿನ ಫೋನ್ ಲೈನಿನ ಡಬ್ಬಿ ಬಿಚ್ಚಿದರೆ ತಾಮ್ರದ ತಂತಿಗೆ ಕಿಲುಬು ಹಿಡಿದಿತ್ತು. ನೀನು ಕೆರೆದು, ಹೊಸೆದು, ಟೇಪ್ ಸುತ್ತಿದೆ. ಮುಂದಿನ ಸಲ ಸಂಪರ್ಕ ಸಿಕ್ಕಿತು, ಕಡಿಯಲಿಲ್ಲ. ನಿನ್ನ ಕೈ ಇನ್ನೂ ಮೋಡೆಮ್ ಮೇಲೇ ಇತ್ತು. ಕಂಬಕ್ಕೆ ಕಿವಿ ಇಟ್ಟು ನಿಂತಿದ್ದ ಆ ಹುಡುಗಿ ಮತ್ತೆ ನಿನ್ನ ಪಕ್ಕದಲ್ಲಿ ನಿಂತಿದ್ದಳು ಎಂದು ನನಗನ್ನಿಸಿತು.

ಆದರೆ ಆ ಮಾತಿಗೆ ಕ್ಷಮೆ ಕೇಳದೆಯೇ ಬಸ್ಸು ಹತ್ತಿದೆ. ನೀನೂ ಏನೂ ಆಗದವನ ಹಾಗೆ ಕೈ ಬೀಸಿದೆ, ಅದೇ ನನ್ನನ್ನು ಹೆಚ್ಚು ಸುಡುತ್ತಿದೆ. ತಪ್ಪಾಯ್ತಪ್ಪ.

ದಿನಾ ಬೆಳಗ್ಗೆ ಹತ್ತಕ್ಕೆ ಅದು ತಾನಾಗಿ ಡಯಲ್ ಮಾಡಿ ನನ್ನ ಕಾಗದ ತರುತ್ತದೆ. ಸಂಪರ್ಕ ಸಿಕ್ಕೊಡನೆ ಸ್ಪೀಕರ್ ಸುಮ್ಮನಾಗುವುದು ವಾಡಿಕೆ. ನಿನ್ನದು ಕೊನೆಯವರೆಗೂ ಸುಮ್ಮನಾಗದಂತೆ ಬದಲಿಸಿ ಬಂದಿದ್ದೇನೆ. ಕಾಗದ ಇಳಿಯುವಷ್ಟು ಹೊತ್ತೂ ಕಿರುಚುತ್ತದೆ. ಅತ್ತೆ ಬೈಯುತ್ತಾರೆ. ಬೈಯಲಿ ಬಿಡು, ನಿನಗೆ ಕೇಳಿಸುವುದಿಲ್ಲವಲ್ಲ. ನೀನು ಅಂಗೈ ಇಟ್ಟುಕೊಂಡು ಕೂತಿರು. ಅಷ್ಟು ಹೊತ್ತೂ ಅಲ್ಲಿ ಮಾತಾಡುತ್ತಿರುವವಳು ನಾನು.

ನಿನ್ನ ಕೈ ಯಾವಾಗಲೂ ಬೆಚ್ಚಗಿರಲಿ. ಆ ಪರದೆಯಲ್ಲೇ ಒಂದೇ ಒಂದು ಸಾಲಾದರೂ ಬರೆ ಅಪ್ಪಾ. ಇಲ್ಲಿ ನನ್ನ ಕೈಯೂ ಮೋಡೆಮ್ ಮೇಲಿದೆ.

ನಿನ್ನ
ಚೋಟು